ಶಿಖರದಲ್ಲಿ ಮುಚ್ಚಿದ ಗ್ರಂಥ: ಪೆಟ್ರಾರ್ಕನ ಪರ್ವತಾರೋಹಣ ಪತ್ರದ ದೈವಶಾಸ್ತ್ರೀಯ ವಿಮರ್ಶೆ

ಆತ್ಮ ಬಳಲಿದಾಗ ಬೆಟ್ಟಕ್ಕೋ ಕಡಲತೀರಕ್ಕೋ ಹೋಗಿ ಬರಬೇಕೆಂಬ ಸಲಹೆಯನ್ನು ಇಂದು ವೈದ್ಯರೂ ನೀಡುತ್ತಾರೆ, ಆಧ್ಯಾತ್ಮಿಕ ಮಾರ್ಗದರ್ಶಕರೂ ನೀಡುತ್ತಾರೆ. ನಮ್ಮ ವಾರ್ಷಿಕ ಧ್ಯಾನಕೂಟಗಳಿಗೂ ಪಟ್ಟಣದಿಂದ ದೂರದ, ಕಾಡಿನ ಅಂಚಿನ ಮನೆಗಳನ್ನು ಹುಡುಕುತ್ತೇವೆ; ಪ್ರವಚನಗಳ ನಡುವೆ ಪ್ರಕೃತಿಯ ಮಡಿಲಲ್ಲಿ ಮೌನವಾಗಿ ಕುಳಿತುಕೊಳ್ಳಲೆಂದೇ ಒಂದು ಅವಧಿಯನ್ನು ಮೀಸಲಿಡುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ಯೇಸುಸ್ವಾಮಿಯೇ ಇನ್ನೂ ಕತ್ತಲಿರುವಾಗ ಎದ್ದು ನಿರ್ಜನ ಪ್ರದೇಶಕ್ಕೆ ಹೋಗಿ ಪ್ರಾರ್ಥಿಸಿದರೆಂದು ಶುಭಸಂದೇಶ ಹೇಳುತ್ತದೆ (ಮಾರ್ಕ 1:35). ಆದರೆ ಅಲ್ಲಿ ನಮಗೆ ಉಂಟಾಗುವ ಬೆರಗು ಎಂಥದು, ಅದು ಆತ್ಮವನ್ನು ನವೀಕರಿಸುವ ಬಗೆ ಯಾವುದು, ನವೀಕರಿಸಿತೆಂದು ಯಾವುದರಿಂದ ತಿಳಿಯಬೇಕು ಎಂಬ ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುವುದು ಅಪರೂಪ. ಕೇಳದೆ ಬಿಟ್ಟರೆ ಬೆರಗು ಕೂಡ ಒಂದು ಔಷಧವಾಗಿ, ಒಂದು ಸೇವನೆಯ ವಸ್ತುವಾಗಿ ಉಳಿದುಬಿಡುತ್ತದೆ.

ಈ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು ಒಂದು ಹಳೆಯ ಪತ್ರವನ್ನು ಮರಳಿ ಓದುವುದು ಈ ಲೇಖನದ ಉದ್ದೇಶ. ಇಟಲಿಯ ಕವಿ ಫ್ರಾಂಚೆಸ್ಕೊ ಪೆಟ್ರಾರ್ಕನು ದಕ್ಷಿಣ ಫ್ರಾನ್ಸಿನ ವೆಂತೂ ಪರ್ವತವನ್ನು ಏರಿದ ಅನುಭವವನ್ನು ಲ್ಯಾಟಿನ್ ಭಾಷೆಯಲ್ಲಿ ನಿರೂಪಿಸಿದ ಪತ್ರವದು; ಅವನ ‘ಆಪ್ತ ಪತ್ರಗಳು’ ಸಂಗ್ರಹದ ನಾಲ್ಕನೆಯ ಸಂಪುಟದಲ್ಲಿ ಮೊದಲನೆಯದಾಗಿ ನಿಂತಿದೆ. ಪ್ರಕೃತಿಯಲ್ಲಿ ಬೆರಗನ್ನು ಅರಸಿ ಹೋದ ಕ್ರೈಸ್ತನೊಬ್ಬನ ಆತ್ಮಪರೀಕ್ಷೆಯಾಗಿ ಇದಕ್ಕೆ ಸಮನಾದ ಬರಹಗಳು ವಿರಳ. ಇದರ ಸೋಲೂ ನಮಗೆ ಬೋಧಪ್ರದವೆಂಬುದು ನಮ್ಮ ಅಭಿಪ್ರಾಯ.

1. ಪತ್ರದ ಕಥನ

ಪತ್ರದಲ್ಲಿ ನಮೂದಾದ ದಿನಾಂಕ ಏಪ್ರಿಲ್ 26; ವರ್ಷ 1336 ಎಂದು ವಿದ್ವಾಂಸರು ಗುರುತಿಸುತ್ತಾರೆ. ಆಗ ಪೆಟ್ರಾರ್ಕನಿಗೆ 31 ವರ್ಷ. ಸುಮಾರು 1,900 ಮೀಟರ್ ಎತ್ತರದ, ಗಾಳಿಗೆ ಹೆಸರಾದ ಈ ಪರ್ವತವನ್ನು ಬಾಲ್ಯದಿಂದಲೂ ದೂರದಿಂದ ಕಂಡಿದ್ದ ಅವನಿಗೆ ಅದನ್ನು ಏರಬೇಕೆಂಬ ಬಯಕೆ ಬಹುಕಾಲದಿಂದ ಇತ್ತು. ಏರಲು ಕಾರಣ ಬೇರೇನೂ ಇಲ್ಲ, ಅಂಥ ಎತ್ತರದ ಸ್ಥಳವನ್ನು ನೋಡುವ ಆಸೆಯೊಂದೇ ಎಂದು ಅವನು ಆರಂಭದಲ್ಲಿಯೇ ಒಪ್ಪಿಕೊಳ್ಳುತ್ತಾನೆ. ಜೊತೆಗಾರನನ್ನು ಆರಿಸುವಾಗ ಸ್ನೇಹಿತರನ್ನೆಲ್ಲ ಒಬ್ಬೊಬ್ಬರನ್ನಾಗಿ ತೂಗಿ ನೋಡಿ, ಒಬ್ಬ ನಿಧಾನಿ, ಇನ್ನೊಬ್ಬ ಆತುರಗಾರ, ಮತ್ತೊಬ್ಬ ಅತಿ ಮೌನಿ ಎಂದು ಬಿಟ್ಟುಬಿಟ್ಟು, ಕೊನೆಗೆ ತಮ್ಮ ಗೆರಾರ್ದೊನನ್ನು ಕರೆದುಕೊಂಡು ಹೊರಡುತ್ತಾನೆ. ಇಬ್ಬರಿಗೂ ಒಬ್ಬೊಬ್ಬ ಸೇವಕ.

ಬೆಟ್ಟದ ತಪ್ಪಲಲ್ಲಿ ಅವರಿಗೆ ಒಬ್ಬ ಮುದುಕ ಕುರುಬ ಎದುರಾಗುತ್ತಾನೆ. ತಾನು ಐವತ್ತು ವರ್ಷಗಳ ಹಿಂದೆ ಯೌವನದ ಹುಮ್ಮಸ್ಸಿನಲ್ಲಿ ಶಿಖರವನ್ನು ಏರಿದ್ದಾಗಿಯೂ, ದಣಿವು, ಪಶ್ಚಾತ್ತಾಪ, ಕಲ್ಲುಮುಳ್ಳುಗಳಿಂದ ಹರಿದ ಮೈಬಟ್ಟೆಗಳ ಹೊರತು ಏನನ್ನೂ ತರಲಿಲ್ಲವೆಂದೂ ಹೇಳಿ ಅವರನ್ನು ತಡೆಯುತ್ತಾನೆ. ತಡೆದಷ್ಟೂ ಅವರ ಆಸೆ ಹೆಚ್ಚುತ್ತದೆ. ಆಗ ಮುದುಕ ದಾರಿ ತೋರಿಸಿ, ಅವರ ಭಾರದ ವಸ್ತುಗಳನ್ನು ತನ್ನ ಬಳಿ ಇರಿಸಿಕೊಂಡು, ಅವರು ದೂರ ಸಾಗಿದ ಮೇಲೂ ಎಚ್ಚರಿಕೆಯ ಮಾತುಗಳನ್ನು ಕೂಗಿ ಹೇಳುತ್ತಾನೆ.

ತಮ್ಮ ಕಡಿದಾದ ನೇರ ದಾರಿಯನ್ನು ಹಿಡಿಯುತ್ತಾನೆ. ಅಣ್ಣನಾದರೋ ಸುಲಭದ ದಾರಿಯನ್ನು ಅರಸುತ್ತ ಮತ್ತೆ ಮತ್ತೆ ಕಣಿವೆಗಳಿಗೆ ಇಳಿದು ಬಳಲುತ್ತಾನೆ. ಹೀಗೆ ಬಳಲಿ ಕುಳಿತಾಗ ದೇಹದ ಈ ಏರಿಕೆಯು ಆತ್ಮದ ಏರಿಕೆಯ ರೂಪಕವೆಂದು ಅವನಿಗೆ ಹೊಳೆಯುತ್ತದೆ. ಶಿಖರವನ್ನು ಮುಟ್ಟಿದಾಗ ಮೋಡಗಳು ಕಾಲಕೆಳಗಿವೆ. ಇಟಲಿಯ ಕಡೆಗೆ ಆಲ್ಪ್ಸ್ ಪರ್ವತಗಳು, ಇನ್ನೊಂದು ಕಡೆ ಮಾರ್ಸೇಯ ಸಮುದ್ರ, ಕಣ್ಣೆದುರಿಗೆ ರೋನ್ ನದಿ. ಆ ನೋಟದ ನಡುವೆ ಅವನ ಮನಸ್ಸು ತನ್ನ ಕಳೆದ ಹತ್ತು ವರ್ಷಗಳ ಕಡೆಗೆ, ಬಿಡಲಾರದ ಹಳೆಯ ಮೋಹಗಳ ಕಡೆಗೆ ಹೊರಳುತ್ತದೆ. ಬಳಿಕ ಅವನು ಸದಾ ಜೊತೆಗಿಟ್ಟುಕೊಳ್ಳುತ್ತಿದ್ದ ಕಿರುಗಾತ್ರದ ಗ್ರಂಥವನ್ನು ತೆರೆಯುತ್ತಾನೆ. ಅದು ಸಂತ ಅಗಸ್ಟೀನರ ‘ಕನ್ಫೆಷನ್ಸ್’. ಪತ್ರ ಯಾರ ಹೆಸರಿಗಿದೆಯೋ ಆ ಅಗಸ್ಟೀನಿಯನ್ ಸಂನ್ಯಾಸಿ ದಿಯೊನೀಜಿಯವರೇ ಕೊಟ್ಟ ಕಾಣಿಕೆ. ಕಣ್ಣಿಗೆ ಬಿದ್ದದ್ದು ಹತ್ತನೆಯ ಭಾಗದ ಎಂಟನೆಯ ಅಧ್ಯಾಯ: ಜನರು ಬೆಟ್ಟ, ಕಡಲು, ನದಿ, ನಕ್ಷತ್ರಗಳನ್ನು ನೋಡಿ ಬೆರಗಾಗುತ್ತಾರೆ, ತಮ್ಮನ್ನು ತಾವು ಮಾತ್ರ ಗಮನಿಸುವುದಿಲ್ಲ ಎಂಬರ್ಥದ ಮಾತು. ಪೆಟ್ರಾರ್ಕನು ದಂಗಾಗುತ್ತಾನೆ. ಇನ್ನೂ ಕೇಳಬೇಕೆಂದು ಕಾದಿದ್ದ ತಮ್ಮನಿಗೆ ತನ್ನನ್ನು ಕಾಡಬೇಡವೆಂದು ಹೇಳಿ ಗ್ರಂಥವನ್ನು ಮುಚ್ಚುತ್ತಾನೆ. ಕೆಳಗಿಳಿಯುವ ತನಕ ಅವನು ಒಂದು ಮಾತನ್ನೂ ಆಡುವುದಿಲ್ಲ. ರಾತ್ರಿ ತಂಗುಮನೆಯಲ್ಲಿ ಸೇವಕರು ಊಟವನ್ನು ಸಿದ್ಧಪಡಿಸುತ್ತಿರುವಾಗ ಒಂದು ಮೂಲೆಗೆ ಸರಿದು ಈ ಪತ್ರವನ್ನು ಬರೆಯುತ್ತಾನೆ.

2. ದಿನಚರಿಯೋ, ಅರಿಕೆಯೋ?

ಸ್ವಿಸ್ ಇತಿಹಾಸಕಾರ ಯಾಕೋಬ್ ಬುರ್ಕ್‌ಹಾರ್ಟ್ 1860ರಲ್ಲಿ ಪ್ರಕಟಿಸಿದ, ಇಟಲಿಯ ಪುನರುಜ್ಜೀವನ ಕಾಲದ ಸಂಸ್ಕೃತಿಯನ್ನು ಕುರಿತ ಗ್ರಂಥದಲ್ಲಿ ನಿಸರ್ಗದ ಚೆಲುವನ್ನು ಕಂಡುಕೊಂಡವರ ಸಾಲಿನಲ್ಲಿ ಈ ಆರೋಹಣಕ್ಕೆ ದೊಡ್ಡ ಸ್ಥಾನವನ್ನಿತ್ತರು. ಅಂದಿನಿಂದ ಇದನ್ನು ಆಧುನಿಕ ಮನಸ್ಸಿನ ಮೊದಲ ಬೆಟ್ಟದ ಯಾತ್ರೆಯೆಂದು ಕೊಂಡಾಡುವುದು ವಾಡಿಕೆಯಾಯಿತು. ಇಪ್ಪತ್ತನೆಯ ಶತಮಾನದ ವಿದ್ವಾಂಸ ಜ್ಯೂಸೆಪ್ಪೆ ಬಿಲ್ಲಾನೋವಿಚ್ ಇದಕ್ಕೆ ಬೇರೊಂದು ಬೆಳಕನ್ನು ಚೆಲ್ಲಿದರು. ಪತ್ರ ಅಂದು ರಾತ್ರಿ ಅವಸರದಲ್ಲಿ ಬರೆದದ್ದಲ್ಲ. 1353ರ ಸುಮಾರಿಗೆ, ಬಹಳ ಆಲೋಚಿಸಿ ರಚಿಸಿದ್ದು ಎಂಬುದು ಅವರ ವಾದ. ಹಾಗಿದ್ದಲ್ಲಿ ಅದನ್ನು ಬರೆಯುವ ಹೊತ್ತಿಗೆ ದಿಯೊನೀಜಿ ತೀರಿಕೊಂಡು ಹತ್ತು ವರ್ಷಗಳೇ ಆಗಿದ್ದವು. ತಮ್ಮ ಗೆರಾರ್ದೊ 1343ರಲ್ಲಿಯೇ ಕಾರ್ತೂಸಿಯನ್ ಮಠವನ್ನು ಸೇರಿದ್ದ. ನೇರದಾರಿ ಹಿಡಿದ ತಮ್ಮ, ಸುತ್ತುದಾರಿಯಲ್ಲಿ ಬಳಲಿದ ಅಣ್ಣ ಎಂಬ ಚಿತ್ರಕ್ಕೆ ಆಗ ಇನ್ನೊಂದು ಆಳ ಬರುತ್ತದೆ.

ಈ ಶೋಧನೆಯಿಂದ ಪತ್ರದ ಬೆಲೆ ಕುಂದುವುದಿಲ್ಲ. ಅಂದಂದಿನ ವರದಿಯಾಗಿದ್ದರೆ ಅದರಲ್ಲಿ ಬಿಟ್ಟುಹೋದದ್ದನ್ನು ಮರೆವೆಂದು ಕ್ಷಮಿಸಬಹುದಿತ್ತು. ವರ್ಷಗಟ್ಟಲೆ ತಿದ್ದಿ ರೂಪಿಸಿದ ಅರಿಕೆಯಾದರೆ ಅದರಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಲೇಖಕನೇ ಹೊಣೆ. ಆದ್ದರಿಂದ ನಾವು ಪತ್ರವನ್ನು ಅದು ಹೇಗಿದೆಯೋ ಹಾಗೆಯೇ, ಉದ್ದೇಶಪೂರ್ವಕವಾಗಿ ಕಟ್ಟಿದ ಕೃತಿಯೆಂದು ಪರಿಗಣಿಸಿ ಮುಂದುವರಿಯುತ್ತೇವೆ.

3. ಎರಡು ಅಧ್ಯಾಯ ಹಿಂದೆ

ಪೆಟ್ರಾರ್ಕನು ಓದಿದ ವಾಕ್ಯ ಅಗಸ್ಟೀನರದೇ, ನಿಜ. ಆದರೆ ಅದು ನಿಂತಿರುವ ಸಂದರ್ಭ ಬೇರೆ. ಅಲ್ಲಿ ಸಂತರು ಮಾನವನ ಸ್ಮರಣಶಕ್ತಿಯ ಅಗಾಧತೆಯನ್ನು ವರ್ಣಿಸುತ್ತಿದ್ದಾರೆ. ಕಣ್ಣಿಗೆ ಕಾಣದಿದ್ದರೂ ಬೆಟ್ಟಗಳನ್ನೂ ಕಡಲನ್ನೂ ಒಳಗೇ ಹಿಡಿದಿಡಬಲ್ಲ ಆ ಶಕ್ತಿಯ ಮುಂದೆ ಅವರೇ ಬೆರಗಾಗಿ ನಿಂತಿದ್ದಾರೆ. ಬೆಟ್ಟವನ್ನು ನೋಡಬಾರದೆಂಬ ನಿಷೇಧ ಅಲ್ಲಿಲ್ಲ. ನೋಡುವವನೂ ದೇವರ ಸೃಷ್ಟಿಯೇ, ಅವನೂ ಬೆರಗಿಗೆ ಪಾತ್ರನೇ ಎಂಬ ಸ್ಮರಣೆಯಿದೆ.

ಅದೇ ಗ್ರಂಥವನ್ನು ಎರಡು ಅಧ್ಯಾಯ ಹಿಂದಕ್ಕೆ ತಿರುವಿದ್ದರೆ ಪೆಟ್ರಾರ್ಕನಿಗೆ ಬೇರೊಂದು ಪುಟ ಎದುರಾಗುತ್ತಿತ್ತು. ಹತ್ತನೆಯ ಭಾಗದ ಆರನೆಯ ಅಧ್ಯಾಯದಲ್ಲಿ, ತಾನು ಪ್ರೀತಿಸುವ ದೇವರು ಯಾರೆಂದು ಅಗಸ್ಟೀನರು ಭೂಮಿಯನ್ನು ಕೇಳುತ್ತಾರೆ. ಕಡಲನ್ನು, ಅದರ ಆಳವನ್ನು, ಹರಿದಾಡುವ ಜೀವಿಗಳನ್ನು, ಬೀಸುವ ಗಾಳಿಯನ್ನು, ಸೂರ್ಯಚಂದ್ರರನ್ನು ಕೇಳುತ್ತಾರೆ. ಅವೆಲ್ಲವೂ ತಾವು ದೇವರಲ್ಲವೆಂದೂ ತಮ್ಮನ್ನು ಉಂಟುಮಾಡಿದಾತ ಆತನೇ ಎಂದೂ ಉತ್ತರಿಸುತ್ತವೆ. ಗಮನವಿಟ್ಟು ನೋಡುವುದೇ ತಾನು ಕೇಳಿದ ಪ್ರಶ್ನೆ, ಅವುಗಳ ಚೆಲುವೇ ಅವು ಕೊಟ್ಟ ಉತ್ತರ ಎಂದು ಸಂತರು ವಿವರಿಸುತ್ತಾರೆ. ಕಣ್ಣಿದ್ದವರಿಗೆಲ್ಲ ಅದೇ ಚೆಲುವು ಕಾಣುತ್ತದೆ. ಆದರೆ ಪ್ರಶ್ನೆಯಿಲ್ಲದೆ ನೋಡುವವನಿಗೆ ಅದು ಮೂಕವಾಗಿರುತ್ತದೆ.

ಸೃಷ್ಟಿಯನ್ನು ಕುರಿತ ಕ್ರೈಸ್ತ ಧ್ಯಾನದ ತಿರುಳು ಈ ಪುಟದಲ್ಲಿದೆ ಎಂದು ನಾವು ಭಾವಿಸುತ್ತೇವೆ. ಇಲ್ಲಿ ಬೆರಗು ಒಂದು ಸಂವಾದ. ಸೃಷ್ಟಿಯು ಬರಿಯ ದೃಶ್ಯವಾಗಿರದೆ ಸಾಕ್ಷಿಯಾಗಿ ನಿಲ್ಲುತ್ತದೆ, ತನ್ನಿಂದಾಚೆಗೆ ಬೆರಳು ತೋರುತ್ತದೆ. ಪೆಟ್ರಾರ್ಕನು ಮಾಡಿದ್ದಾದರೂ ಏನು? ಮೊದಲು ನೋಟವನ್ನು ಸವಿದ, ಆಮೇಲೆ ಸವಿದದ್ದಕ್ಕೆ ನಾಚಿಕೊಂಡ. ಬೆಟ್ಟವನ್ನು ಏನನ್ನೂ ಕೇಳಲಿಲ್ಲ. ಸವಿಯುವಾಗಲೂ ನಾಚುವಾಗಲೂ ಅವನ ಗಮನ ತನ್ನ ಮೇಲೆಯೇ ಇತ್ತು. ಕೆಳಗಿಳಿಯುತ್ತ ಹಿಂದಿರುಗಿ ನೋಡಿದಾಗ, ಮಾನವನ ಚಿಂತನೆಯ ಎತ್ತರದ ಮುಂದೆ ಆ ಶಿಖರ ಮೊಳದಷ್ಟಾಗಿ ಕಂಡಿತೆಂದು ಅವನೇ ಬರೆಯುತ್ತಾನೆ. ಸೃಷ್ಟಿಯನ್ನು ಕುಗ್ಗಿಸಿ ಆತ್ಮವನ್ನು ಹಿಗ್ಗಿಸುವ ಈ ಮಾತಿನಲ್ಲಿ ಸೃಷ್ಟಿಕರ್ತನ ಸ್ತುತಿಗೆ ಎಡೆಯೆಲ್ಲಿ?

4. ಮುಂದೆ ಓದಿದವನು

ಇನ್ನೊಂದು ಹೋಲಿಕೆಯನ್ನು ಪೆಟ್ರಾರ್ಕನೇ ನಮಗೆ ಒದಗಿಸುತ್ತಾನೆ. ಅಕಸ್ಮಾತ್ತಾಗಿ ತೆರೆದ ಪುಟದ ಮಾತು ತನಗೇ ಹೇಳಿದಂತಿತ್ತೆಂದು ಬರೆಯುವಾಗ ಅವನು ಮಿಲಾನಿನ ತೋಟದಲ್ಲಿ ಅಗಸ್ಟೀನರಿಗೆ ಆದ ಪರಿವರ್ತನೆಯನ್ನೂ, ಶುಭಸಂದೇಶದ ಒಂದು ವಾಕ್ಯವನ್ನು ಕೇಳಿ ಎಲ್ಲವನ್ನೂ ತೊರೆದ ಸಂತ ಅಂತೋಣಿಯವರನ್ನೂ ನೆನೆಯುತ್ತಾನೆ. ತನ್ನ ಶಿಖರದ ಗಳಿಗೆಯನ್ನು ಆ ಸಾಲಿನಲ್ಲಿ ಇರಿಸಬೇಕೆಂಬುದು ಅವನ ಬಯಕೆ.

ಹೋಲಿಸಿ ನೋಡೋಣ. ‘ಕನ್ಫೆಷನ್ಸ್’ ಎಂಟನೆಯ ಭಾಗದ ಕೊನೆಯಲ್ಲಿ ಅಗಸ್ಟೀನರು ರೋಮನರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯದ ಕೊನೆಯ ಮಾತುಗಳನ್ನು ಓದುತ್ತಾರೆ. ಮುಂದೆ ಓದಲು ಅವರಿಗೂ ಮನಸ್ಸಾಗುವುದಿಲ್ಲ. ಆದರೆ ಗುರುತಿಗೆ ಬೆರಳನ್ನಿಟ್ಟು ಗ್ರಂಥವನ್ನು ಮುಚ್ಚಿ, ನಡೆದದ್ದನ್ನು ಜೊತೆಯಲ್ಲಿದ್ದ ಸ್ನೇಹಿತ ಅಲಿಪಿಯುಸನಿಗೆ ತಿಳಿಸುತ್ತಾರೆ. ಅಲಿಪಿಯುಸ್ ಆ ಪುಟವನ್ನು ತೋರಿಸೆಂದು ಕೇಳಿ, ಅಗಸ್ಟೀನರು ನಿಲ್ಲಿಸಿದ ಕಡೆಯಿಂದ ಮುಂದೆ ಓದುತ್ತಾನೆ. ಮುಂದಿನ ಮಾತು ವಿಶ್ವಾಸದಲ್ಲಿ ದುರ್ಬಲನಾದವನನ್ನು ಸ್ವೀಕರಿಸುವುದನ್ನು ಕುರಿತದ್ದು (ರೋಮ 14:1). ಅದನ್ನು ಅವನು ತನಗೇ ಅನ್ವಯಿಸಿಕೊಳ್ಳುತ್ತಾನೆ. ಬಳಿಕ ಇಬ್ಬರೂ ಮೋನಿಕಾರ ಬಳಿಗೆ ಹೋಗಿ ಸಂತೋಷದ ಸುದ್ದಿಯನ್ನು ಹೇಳುತ್ತಾರೆ. ಒಬ್ಬನಿಗೆ ದೊರೆತ ವಾಕ್ಯ ಮೂವರ ಆನಂದವಾಯಿತು.

ವೆಂತೂ ಶಿಖರದಲ್ಲಿಯೂ ಒಬ್ಬ ಅಲಿಪಿಯುಸ್ ಇದ್ದ. ಗೆರಾರ್ದೊ ಕಿವಿಗೊಟ್ಟು ಪಕ್ಕದಲ್ಲಿಯೇ ನಿಂತಿದ್ದ; ಇನ್ನಷ್ಟು ಕೇಳಲು ಆಸೆಪಟ್ಟ. ಅವನಿಗೆ ಸಿಕ್ಕಿದ್ದು ಸುಮ್ಮನಿರೆಂಬ ಸೂಚನೆ. ಮುಂದಿನ ಪುಟದಲ್ಲಿ ಅವನಿಗೊಂದು ಮಾತಿತ್ತೋ ಏನೋ, ಯಾರೂ ಓದಲಿಲ್ಲ. ನಮ್ಮ ದೃಷ್ಟಿಯಲ್ಲಿ ಈ ಪತ್ರದ ಅತ್ಯಂತ ಮಹತ್ವದ, ಆದರೆ ಲೇಖಕನೇ ಮಹತ್ವವೆಂದು ಎಣಿಸದ ಕ್ಷಣ ಇದು. ಮೌನವು ಪವಿತ್ರವಾದದ್ದೇ, ಆದರೆ ಸೋದರನ ಹಸಿವಿನ ಮುಖಕ್ಕೆ ಬಾಗಿಲು ಮುಚ್ಚುವ ಮೌನವನ್ನು ಪವಿತ್ರವೆನ್ನುವ ಮುನ್ನ ನಾವು ಹಿಂಜರಿಯಬೇಕು.

5. ಬೆಟ್ಟದಲ್ಲಿದ್ದವರು

ಪತ್ರದಲ್ಲಿ ಮುದುಕ ಕುರುಬನ ಪಾತ್ರ ಒಂದು ಅಡ್ಡಿ ಮಾತ್ರ. ಐವತ್ತು ವರ್ಷ ಆ ಬೆಟ್ಟದ ಮಡಿಲಲ್ಲಿ ಬದುಕಿದವನು ಅದರ ಬಗ್ಗೆ ಏನು ಬಲ್ಲ, ತನ್ನ ಏರಿಕೆಯನ್ನು ಅವನು ಪಶ್ಚಾತ್ತಾಪದ ನೆನಪಾಗಿ ಹೇಳಲು ಕಾರಣವೇನು ಎಂದು ಪೆಟ್ರಾರ್ಕನು ಕೇಳುವುದಿಲ್ಲ. ಸಾಮಾನನ್ನು ಕಾಯಲು ಮಾತ್ರ ಅವನು ಬೇಕಾದ. ಸೇವಕರಿಬ್ಬರೂ ಶಿಖರವನ್ನು ಏರಿದರು. ಅವರಿಗೆ ಅಲ್ಲಿ ಏನು ಕಂಡಿತೆಂಬುದು ಪತ್ರದಲ್ಲಿಲ್ಲ. ಹಗಲೆಲ್ಲ ನಡೆದು ದಣಿದ ಅವರೇ ರಾತ್ರಿ ಊಟಕ್ಕೆ ಅಣಿಮಾಡುತ್ತಿದ್ದರಿಂದ ಒಡೆಯನಿಗೆ ತನ್ನ ಆತ್ಮದ ದಣಿವನ್ನು ಕುರಿತು ಬರೆಯಲು ಬಿಡುವು ದೊರೆಯಿತು.

ಕನ್ನಡದ ಓದುಗರಿಗೆ ಇಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ನೆನಪಾದರೆ ಆಶ್ಚರ್ಯವಿಲ್ಲ. ಪ್ರಕೃತಿಯ ಬೆರಗನ್ನು ಕನ್ನಡಕ್ಕೆ ಕಲಿಸಿದವರಲ್ಲಿ ಅವರು ಅಗ್ರಗಣ್ಯರು. ಆದರೂ ಆ ಮಹಾಕಾದಂಬರಿಯ ಆರಂಭದಲ್ಲಿ ಕಾಡಿನ ದಾರಿಯನ್ನು ತುಳಿಯುವುದು ವಿಹಾರಕ್ಕೆ ಬಂದ ರಸಿಕನ ಕಾಲುಗಳಲ್ಲ. ಹೆಗ್ಗಡೆಯ ಜೀತದಾಳು ಗುತ್ತಿ, ಅವನ ಹಿಂದೆ ನಾಯಿ ಹುಲಿಯ. ಮಲೆಯ ಚೆಲುವೂ ಭಯವೂ ದುಡಿಯುವವರ ಮೈಯಿಂದ, ಅವರ ಹಸಿವು, ಒಲವುಗಳ ಮೂಲಕ ನಮಗೆ ತಿಳಿಯುತ್ತವೆ. ಕಾದಂಬರಿಯ ಧಾರ್ಮಿಕ ನಿಲುವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಬೆಟ್ಟವನ್ನು ಅಲ್ಲಿ ಬಾಳುವವರಿಂದ ಬೇರ್ಪಡಿಸದೆ ಕಾಣುವ ಆ ಕಣ್ಣು ಸೃಷ್ಟಿಯ ದೈವಶಾಸ್ತ್ರಕ್ಕೆ ಅಗತ್ಯವಾದದ್ದು.

ಈ ಟೀಕೆಯನ್ನು ಪೆಟ್ರಾರ್ಕನ ಮೇಲೆ ಮಾತ್ರ ಹೊರಿಸುವಂತಿಲ್ಲ. ಕೆಲವು ವರ್ಷಗಳ ಹಿಂದೆ ನಾವು ಗುರುವಿದ್ಯಾರ್ಥಿಗಳ ಒಂದು ತಂಡವನ್ನು ಧ್ಯಾನಕೂಟದ ಅಂಗವಾಗಿ ಪಶ್ಚಿಮ ಘಟ್ಟದ ಬೆಟ್ಟವೊಂದಕ್ಕೆ ಕರೆದೊಯ್ದಿದ್ದೆವು. ಸಂಜೆಯ ಹಂಚಿಕೆಯಲ್ಲಿ ಎಲ್ಲರೂ ಮಂಜನ್ನು, ಮೌನವನ್ನು, ತಮಗಾದ ಶಾಂತಿಯನ್ನು ಹೃದಯತುಂಬಿ ವರ್ಣಿಸಿದರು. ಕೊನೆಯಲ್ಲಿ ವಿದ್ಯಾರ್ಥಿಯೊಬ್ಬ ಎದ್ದು, ನಮಗಿಂತ ಮೊದಲೇ ಬುತ್ತಿ ಹೊತ್ತು ಬೆಟ್ಟ ಹತ್ತಿದ್ದ ಹಿರಿಯರ ಹೆಸರೇನೆಂದು ಕೇಳಿದ. ವಿದ್ಯಾರ್ಥಿಗಳು ನಮ್ಮ ಮುಖವನ್ನು ನೋಡಿದರು; ನಮಗೂ ಗೊತ್ತಿರಲಿಲ್ಲ. ಸೃಷ್ಟಿಯ ದೈವಶಾಸ್ತ್ರವನ್ನು ಬೋಧಿಸುವವರಾಗಿ ಆ ಸಂಜೆ ನಾವು ಕಲಿತದ್ದು ನಾವು ಕಲಿಸಿದ್ದಕ್ಕಿಂತ ಹೆಚ್ಚು.

6. ಹೊರೇಬಿನ ಪ್ರಶ್ನೆ, ಬಿರುಗಾಳಿಯ ಉತ್ತರ

ಪವಿತ್ರಗ್ರಂಥದಲ್ಲಿಯೂ ಬಳಲಿದವರು ಬೆಟ್ಟಕ್ಕೆ ಹೋಗುತ್ತಾರೆ. ಪ್ರವಾದಿ ಎಲೀಯ ಸಾವನ್ನು ಬೇಡಿಕೊಂಡು ಮರುಭೂಮಿಯ ಗಿಡದ ಕೆಳಗೆ ಮಲಗುತ್ತಾನೆ (1 ಅರಸು 19). ದೇವದೂತನು ಮೊದಲು ಉಪದೇಶ ಮಾಡುವುದಿಲ್ಲ. ನಿದ್ರಿಸಲು ಬಿಡುತ್ತಾನೆ, ಎಬ್ಬಿಸಿ ರೊಟ್ಟಿ ನೀರು ಕೊಡುತ್ತಾನೆ, ಮತ್ತೆ ನಿದ್ರಿಸಲು ಬಿಡುತ್ತಾನೆ. ಯಾಜಕರ ಬಳಲಿಕೆಯನ್ನು ತಕ್ಷಣ ಆಧ್ಯಾತ್ಮಿಕ ಕೊರತೆಯೆಂದು ಬಗೆಯುವವರು ಈ ವಿವರವನ್ನು ಗಮನಿಸಬೇಕು. ಹೊರೇಬ್ ಬೆಟ್ಟದಲ್ಲಿ ಬಿರುಗಾಳಿ, ಭೂಕಂಪ, ಬೆಂಕಿಗಳ ಬೆರಗು ಕಣ್ಣೆದುರು ಹಾಯುತ್ತದೆ, ಸರ್ವೇಶ್ವರ ಅವುಗಳಲ್ಲಿಲ್ಲ. ಅವುಗಳ ನಂತರದ ಮೆಲುದನಿಯಲ್ಲಿ ಒಂದು ಪ್ರಶ್ನೆಯಿದೆ: ಎಲೀಯನಿಗೆ ಇಲ್ಲೇನು ಕೆಲಸ? ಈ ಪ್ರಶ್ನೆ ಎರಡು ಸಾರಿ ಬರುತ್ತದೆ. ಆ ಬಳಿಕ ಬಂದ ದಾರಿಯಲ್ಲಿಯೇ ಹಿಂದಿರುಗುವ ಆಜ್ಞೆ, ಅಭಿಷೇಕಿಸಬೇಕಾದವರ ಹೆಸರುಗಳು. ಅವನ ಚೇತನ ಮರಳಿದ ಕುರುಹು ಅವನ ಮನಸ್ಸಿನ ಶಾಂತಿಯಲ್ಲಿಲ್ಲ, ಎಲೀಷನ ಹೆಗಲ ಮೇಲೆ ಬಿದ್ದ ಕಂಬಳಿಯಲ್ಲಿದೆ.

ಯೋಬನ ಗ್ರಂಥದ ಕೊನೆಯ ಅಧ್ಯಾಯಗಳು ಇನ್ನೂ ನಿಷ್ಠುರವಾಗಿವೆ. ಬಿರುಗಾಳಿಯೊಳಗಿಂದ ಮಾತನಾಡುವ ದೇವರು ಯೋಬನಿಗೆ ತೋರಿಸುವ ಸೃಷ್ಟಿ ಅವನ ಸಾಂತ್ವನಕ್ಕೆಂದು ಅಣಿಗೊಳಿಸಿದ್ದಲ್ಲ. ಮನುಷ್ಯರೇ ಇಲ್ಲದ ನಾಡಿನ ಮೇಲೂ ಅಲ್ಲಿ ಮಳೆ ಸುರಿಯುತ್ತದೆ (ಯೋಬ 38:26). ಕಾಡುಕತ್ತೆಯೂ ಹದ್ದೂ ಮಹಾಜಲಚರವೂ ಮನುಷ್ಯನ ಉಪಯೋಗಕ್ಕೆ ಸಿಗದೆ ದೇವರ ಆರೈಕೆಯಲ್ಲಿ ಬಾಳುತ್ತವೆ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಮನೆ, ತೋಟ, ಜೀವಗಳನ್ನು ಮುಚ್ಚಿದಾಗ ನಮ್ಮ ನಾಡೂ ಇದನ್ನು ನೋವಿನಿಂದ ಅರಿಯಿತು: ಬೆಟ್ಟ ನಮ್ಮ ಮನಶ್ಶಾಂತಿಗಾಗಿ ಇಟ್ಟ ಚಿತ್ರಪಟವಲ್ಲ. ಯೋಬನ ಬೆರಗು ಎಲ್ಲಿಗೆ ಮುಟ್ಟುತ್ತದೆಂಬುದೂ ಗಮನಾರ್ಹ. ತನ್ನನ್ನು ನೋಯಿಸಿದ ಸ್ನೇಹಿತರಿಗಾಗಿ ಅವನು ಪ್ರಾರ್ಥಿಸುತ್ತಾನೆ. ಹಾಗೆ ಪ್ರಾರ್ಥಿಸಿದಾಗ ಅವನ ದುರವಸ್ಥೆ ನೀಗುತ್ತದೆ (ಯೋಬ 42:10).

7. ಪೆಟ್ರಾರ್ಕನ ಪರವಾಗಿ

ನಮ್ಮ ತೀರ್ಪು ಕಠಿಣವಾಯಿತೆಂದು ಆಕ್ಷೇಪಿಸಬಹುದು. ಅದಕ್ಕೆ ಆಧಾರವೂ ಇದೆ. ಪೆಟ್ರಾರ್ಕನು ಬೆಟ್ಟದಿಂದ ತೃಪ್ತನಾಗಿ ಇಳಿಯಲಿಲ್ಲ. ತನ್ನ ಬೆರಗಿನಲ್ಲಿಯೇ ಸ್ವಾರ್ಥವಿರಬಹುದೆಂದು ಶಂಕಿಸುವ ಪ್ರಾಮಾಣಿಕತೆ ಅವನಲ್ಲಿತ್ತು. ಇಂದಿನ ಅನೇಕ ಧ್ಯಾನಕೈಪಿಡಿಗಳಲ್ಲಿ ಈ ಶಂಕೆಯ ಸುಳಿವೂ ಸಿಗದು. ಅವುಗಳ ಪ್ರಕಾರ ಬೆರಗು ಆದರೆ ಸಾಕು, ಆತ್ಮ ಹೊಸದಾದಂತೆಯೇ. ಜ್ಞಾನಗ್ರಂಥದ ಹದಿಮೂರನೆಯ ಅಧ್ಯಾಯವು ಸೃಷ್ಟಿಯ ಚೆಲುವಿಗೆ ಮಾರುಹೋಗಿ ಸೃಷ್ಟಿಕರ್ತನನ್ನು ಕಾಣದೆ ಹೋದವರ ಮೇಲೆ ಹೆಚ್ಚು ದೋಷ ಹೊರಿಸಲು ಹಿಂಜರಿಯುತ್ತದೆ. ಅವರು ದೇವರನ್ನು ಅರಸುತ್ತಲೇ ದಾರಿತಪ್ಪಿದರೆಂದು ಅನುಕಂಪ ತೋರುತ್ತದೆ. ಆದರೂ ಅವರಿಗೆ ಪೂರ್ಣ ಕ್ಷಮೆಯಿಲ್ಲವೆಂದು ಕೂಡಲೇ ಸೇರಿಸುತ್ತದೆ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದುಕೊಂಡೇ ಪೆಟ್ರಾರ್ಕನನ್ನು ಓದಬೇಕು. ಅವನ ನಾಚಿಕೆ ಸರಿಯಾದ ಆರಂಭ. ಅದು ಸ್ತುತಿಯಾಗಿ, ಸೋದರಪ್ರೇಮವಾಗಿ ಬೆಳೆಯದೆ ಅಲ್ಲಿಯೇ ನಿಂತದ್ದು ಕೊರತೆ.

8. ಬೆಳಕನ್ನು ತಾಳಲಾರದ ಕಣ್ಣು

ಪೆಟ್ರಾರ್ಕನಿಗೆ ನೂರು ವರ್ಷಗಳಿಗೂ ಹಿಂದೆ ಇನ್ನೊಬ್ಬ ಫ್ರಾಂಚೆಸ್ಕೊ ಸೃಷ್ಟಿಯ ಸ್ತುತಿಯನ್ನು ಹಾಡಿದ್ದರು. ಅಸ್ಸಿಸಿಯ ಸಂತ ಫ್ರಾನ್ಸಿಸರ ‘ಸೃಷ್ಟಿಗಳ ಸ್ತುತಿಗೀತೆ’ ರಚನೆಯಾದದ್ದು 1225ರ ಸುಮಾರಿಗೆ. ಹೂಬಿಸಿಲಿನಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಅಲೆಯುತ್ತ ಹಾಡಿದ್ದೆಂದು ನಾವು ಊಹಿಸಿಕೊಳ್ಳುತ್ತೇವೆ. ಆರಂಭಕಾಲದ ವೃತ್ತಾಂತಗಳು ಹೇಳುವುದೇ ಬೇರೆ. ಸಾನ್ ದಾಮಿಯಾನೊದಲ್ಲಿ ಫ್ರಾನ್ಸಿಸರು ಕಣ್ಣಿನ ಬೇನೆಯಿಂದ ನರಳುತ್ತಿದ್ದರು. ಹಗಲ ಬೆಳಕನ್ನೂ ರಾತ್ರಿಯ ಬೆಂಕಿಯ ಬೆಳಕನ್ನೂ ಆ ಕಣ್ಣು ತಾಳುತ್ತಿರಲಿಲ್ಲ. ಸೂರ್ಯನನ್ನು ಅಣ್ಣನೆಂದೂ ಬೆಂಕಿಯನ್ನು ಸಹೋದರನೆಂದೂ ಕರೆದ ಹಾಡು ಕತ್ತಲಲ್ಲಿ ಹುಟ್ಟಿತು. ದೃಶ್ಯಸುಖದ ಲೇಶವೂ ಇಲ್ಲದ ಕಡೆ ಸ್ತುತಿ ಸಾಧ್ಯವಾಯಿತು. ಅಸ್ಸಿಸಿಯ ಧರ್ಮಾಧ್ಯಕ್ಷರಿಗೂ ನಗರಾಧಿಕಾರಿಗೂ ಜಗಳವಾದಾಗ ಫ್ರಾನ್ಸಿಸರು ಕ್ಷಮೆಯನ್ನು ಕುರಿತ ಚರಣವನ್ನು ಆ ಹಾಡಿಗೆ ಸೇರಿಸಿ, ಇಬ್ಬರ ಮುಂದೆಯೂ ಹಾಡಲು ಸಹೋದರರನ್ನು ಕಳುಹಿಸಿದರೆಂದೂ, ಅವರು ರಾಜಿಯಾದರೆಂದೂ ಅದೇ ವೃತ್ತಾಂತಗಳು ತಿಳಿಸುತ್ತವೆ. ಸೃಷ್ಟಿಯ ಹಾಡು ನೆರೆಯವರ ಜಗಳದೊಳಕ್ಕೆ ಕಾಲಿಟ್ಟಿತು.

2015ರ ಮೇ 24ರ ದಿನಾಂಕವಿರುವ ವಿಶ್ವಪತ್ರಕ್ಕೆ ಜಗದ್ಗುರು ಫ್ರಾನ್ಸಿಸರು ಆ ಹಾಡಿನ ಮಾತನ್ನೇ ಹೆಸರಾಗಿಟ್ಟದ್ದು ಈ ಕಾರಣದಿಂದ ಅರ್ಥಪೂರ್ಣ. ‘ಲೌದಾತೊ ಸಿ’ಯ 233ನೆಯ ಪರಿಚ್ಛೇದದಲ್ಲಿ ದೈವರಹಸ್ಯ ಅಡಗಿರುವ ತಾಣಗಳನ್ನು ಹೆಸರಿಸುವಾಗ ಎಲೆ, ಬೆಟ್ಟದ ಕಾಲುದಾರಿ, ಇಬ್ಬನಿಗಳ ಸಾಲಿನಲ್ಲಿಯೇ ಬಡವರ ಮುಖವನ್ನೂ ಅವರು ಸೇರಿಸುತ್ತಾರೆ. 237ನೆಯ ಪರಿಚ್ಛೇದವು ಭಾನುವಾರದ ವಿಶ್ರಾಂತಿಯನ್ನು ಕುರಿತು ಹೇಳುತ್ತ, ನಿಜವಾದ ವಿಶ್ರಾಂತಿ ಇತರರ ಹಕ್ಕುಗಳ ಬಗ್ಗೆ ನಮ್ಮ ಕಣ್ಣನ್ನು ತೆರೆಯಿಸುತ್ತದೆಂದು ಬೋಧಿಸುತ್ತದೆ. ವಿಶ್ರಾಂತಿಗೂ ನ್ಯಾಯಕ್ಕೂ ಇರುವ ಈ ನಂಟನ್ನು ಪೆಟ್ರಾರ್ಕನ ಪತ್ರದಲ್ಲಿ ನಾವು ಕಾಣಲಾರೆವು.

9. ಇಳಿಯುವ ದಾರಿ

ಕನ್ನಡದಲ್ಲಿ ನಾವು ‘ಬೆರಗಾದೆ’ ಎನ್ನುತ್ತೇವೆ. ಬೆರಗು ಕೈಗೆ ಸಿಗುವ ವಸ್ತುವಲ್ಲ, ನಾವೇ ಆಗಬೇಕಾದದ್ದು ಎಂಬ ತಿಳಿವು ಆ ಮಾತಿನಲ್ಲಿದೆ. ಹಾಗೆ ಬೇರೆಯಾಗದೆ, ದಣಿವಾರಿಸಿಕೊಂಡು ಹಿಂದಿರುಗಿದವನು ಕೆಟ್ಟದ್ದನ್ನೇನೂ ಮಾಡಿಲ್ಲ. ಅವನಿಗೆ ವಿಶ್ರಾಂತಿ ದೊರೆತಿದೆ, ಅದಕ್ಕಾಗಿ ದೇವರಿಗೆ ವಂದನೆ ಸಲ್ಲಿಸಲಿ. ಆದರೆ ಅದನ್ನೇ ಆತ್ಮದ ನವೀಕರಣವೆಂದು ಕರೆಯದಿರಲಿ.

ಧ್ಯಾನಕೂಟಗಳನ್ನು ನಡೆಸುವವರಿಗೂ ಅವುಗಳಲ್ಲಿ ಭಾಗವಹಿಸುವ ಗುರುಗಳಿಗೂ ಗುರುವಿದ್ಯಾರ್ಥಿಗಳಿಗೂ ಈ ಪತ್ರದ ಓದಿನಿಂದ ಮೂರು ಸೂಚನೆಗಳು ಒದಗುತ್ತವೆ. ಬೆಟ್ಟವನ್ನು ನೋಡುವಾಗ ಅಗಸ್ಟೀನರಂತೆ ಕೇಳುತ್ತ ನೋಡೋಣ. ನಮಗೇನನಿಸಿತು ಎಂಬುದಕ್ಕಿಂತ ಮುಂಚೆ ಅದು ಯಾರನ್ನು ಸಾರುತ್ತಿದೆ ಎಂಬುದನ್ನು ಹಂಚಿಕೆಯ ಮೊದಲ ಪ್ರಶ್ನೆಯಾಗಿಸೋಣ. ಆ ಬೆಟ್ಟದ ಬುಡದಲ್ಲಿ ಬಾಳುವವರ, ಅಲ್ಲಿ ನಮಗೆ ಅನ್ನ ಬೇಯಿಸುವವರ ಹೆಸರುಗಳನ್ನು ತಿಳಿದು ಬಲಿಪೂಜೆಯಲ್ಲಿ ಅವರಿಗಾಗಿ ಪ್ರಾರ್ಥಿಸೋಣ. ನಮಗೆ ಒಂದು ವಾಕ್ಯ ದೊರೆತಾಗ ಗ್ರಂಥವನ್ನು ಪಕ್ಕದವನಿಗೂ ಕೊಡೋಣ. ಅವನಿಗೆ ಬೇಕಾದದ್ದು ಮುಂದಿನ ಸಾಲಿನಲ್ಲಿರಬಹುದು.

ಪ್ರೇಷಿತರು ದಣಿದು ಬಂದಾಗ ಯೇಸುಸ್ವಾಮಿ ಅವರನ್ನು ವಿಶ್ರಾಂತಿಗಾಗಿ ನಿರ್ಜನ ಪ್ರದೇಶಕ್ಕೆ ಕರೆದರು (ಮಾರ್ಕ 6:31). ದೋಣಿ ದಡ ಮುಟ್ಟುವ ಮೊದಲೇ ಜನರು ಕಾಲ್ನಡೆಯಲ್ಲಿ ಅಲ್ಲಿಗೆ ಬಂದು ಸೇರಿದ್ದರು. ಪ್ರಭು ಆ ವಿಶ್ರಾಂತಿಯನ್ನು ವ್ಯರ್ಥವೆಂದು ಹೇಳಲಿಲ್ಲ, ಜನರನ್ನೂ ಹಿಂದಕ್ಕಟ್ಟಲಿಲ್ಲ. ಅವರನ್ನು ಕಂಡು ಕನಿಕರಪಟ್ಟು, ಬೋಧಿಸಿ, ಸಂಜೆ ಹಸಿರುಹುಲ್ಲಿನ ಮೇಲೆ ಕೂರಿಸಿ ಊಟವಿಕ್ಕಿದರು. ಪ್ರೇಷಿತರು ವಿಶ್ರಾಂತಿಗೆಂದು ಹೊರಟಿದ್ದ ಸ್ಥಳದಲ್ಲಿಯೇ ಅವರ ಕೈಯಿಂದ ರೊಟ್ಟಿ ಹಂಚಲ್ಪಟ್ಟಿತು.